ಏಟಿನ ಬೆಲೆ

ಜಾತ್ರೆ, ಗಣೇಶನ ಹಬ್ಬ, ರಾಜ್ಯೋತ್ಸವ, ಯಾರದೋ ಸ್ಮರಣಾರ್ಥ. ನೆಪ ಯಾವುದಾದರೂ ಸರಿ, ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಊರೊಂದರಲ್ಲಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಫ್ಲೆಕ್ಸ್ ಕಟ್ಟಿದರೆ ಸಾಕು, ಸುತ್ತಲ ಹತ್ತೂರಿನ ಜನ ಬಂದು ಸೇರುತ್ತಾರೆ. ಮೂರು ಜನ ಒಟ್ಟಿಗೆ ರೈಡರನ್ನು ಎತ್ತಿ ಕೆಡವಿದಾಗ ಶಿಳ್ಳೆ ಬೀಳುತ್ತದೆ. ನಾನು ಇಲ್ಲಿ ಮೊದಲು ತೋರಿಸಬೇಕೆಂದಿರುವುದು ಯಾರೂ ಶಿಳ್ಳೆ ಹೊಡೆಯದ ಒಂದು ರೈಡನ್ನು.

ರೈಡರ್ ನಡುಗೆರೆ ದಾಟಿ ಬರುತ್ತಾನೆ. ಅಲ್ಲಿಂದ 3.75 ಮೀಟರ್ ದೂರದ ಬಾಕ್ ಲೈನನ್ನು ದಾಟುತ್ತಾನೆ. ಅದನ್ನು ದಾಟದೆ ಮರಳಿದರೆ ಔಟ್. ಎಡ ಕಾರ್ನರ್‌ನಲ್ಲಿ ನಿಂತವನ ಮೊಣಕಾಲು ಬಾಗಿದೆ, ಎರಡೂ ಕೈ ಮುಂದೆ ಚಾಚಿವೆ. ರೈಡರ್ ಅವನ ಕಡೆಗೆ ಕಾಲು ಬೀಸುತ್ತಾನೆ, ಬೇಕೆಂದೇ ಗೇಣುದ್ದ ಕಡಿಮೆ. ಕಾರ್ನರ್‌ನವನು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನೆ. ಇನ್ನೊಮ್ಮೆ ಬೀಸುತ್ತಾನೆ, ಮತ್ತೆ ಅರ್ಧ ಹೆಜ್ಜೆ. ಬಲಗಡೆಗೆ ಹೋಗಿ ಅಲ್ಲಿಯೂ ಒಮ್ಮೆ ಕೈ ಬೀಸಿ, 30 ಸೆಕೆಂಡು ಮುಗಿಯುವ ಮುಂಚೆ ವಾಪಸ್ ಬರುತ್ತಾನೆ. ಸ್ಕೋರ್ ಬೋರ್ಡು ಅಲ್ಲಾಡಿಲ್ಲ. ಜನ ಕಡಲೆಕಾಯಿ ಸುಲಿಯುತ್ತಿದ್ದಾರೆ.

ಆದರೆ ರೈಡರ್‌ಗೆ ಈಗ ಒಂದು ವಿಷಯ ಗೊತ್ತಾಗಿದೆ: ಈ ಕಾರ್ನರ್‌ನವನು ಕಾಲು ಕಂಡರೆ ಹಿಂದೆ ಸರಿಯುವವನು, ನುಗ್ಗಿ ಹಿಡಿಯುವವನಲ್ಲ. ಮುಂದಿನ ಸಲ ಅವನು ಅದೇ ಕಾಲನ್ನು ಬೀಸುವುದು ಮುಟ್ಟುವ ಆಸೆಯಿಂದಲ್ಲ, ಕಾರ್ನರ್‌ನವನನ್ನು ಹಿಂದಕ್ಕೆ ತಳ್ಳಿ, ಖಾಲಿಯಾದ ಜಾಗದಲ್ಲಿ, ಪಾಯಿಂಟ್ ತರುವ ಬೋನಸ್ ಗೆರೆ ದಾಟುವುದಕ್ಕೆ. ಆಗ ಶಿಳ್ಳೆ ಬೀಳುತ್ತದೆ. ಪಾಯಿಂಟ್ ಮಾತ್ರ ಹಿಂದಿನ ರೈಡಿನಲ್ಲೇ ಅರ್ಧ ಬಂದಾಗಿತ್ತು.

ಸ್ಟ್ರೀಟ್ ಫೈಟರ್, ಟೆಕ್ಕನ್ ತರಹದ ಹೊಡೆದಾಟದ ವಿಡಿಯೋ ಗೇಮ್‌ಗಳ ದೊಡ್ಡ ಪಂದ್ಯಗಳಲ್ಲಿ ಬಹಳ ಹೊತ್ತು ನಡೆಯುವುದೂ ಇದೇ. ಪರದೆಯ ಎರಡು ತುದಿಯಲ್ಲಿ ಇಬ್ಬರು ಹೋರಾಳುಗಳು. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ. ಗಾಳಿಯಲ್ಲಿ ಒಂದು ಒದೆ. ಮತ್ತೆ ಹಿಂದೆ. ಹೊಸಬರಿಗೆ ಇದು ಅಂಜಿಕೆಯಂತೆ ಕಾಣುತ್ತದೆ. ಮನೆಯ ಹಿರಿಯರಿಗಂತೂ ಇಡೀ ಆಟವೇ ಬಟನ್ ಕುಟ್ಟುವ ಗದ್ದಲ. ಆಟಗಾರರು ಈ ಹೊತ್ತನ್ನು ‘ನ್ಯೂಟ್ರಲ್’ ಎನ್ನುತ್ತಾರೆ: ಇನ್ನೂ ಯಾರ ಕೈಯೂ ಮೇಲಾಗಿಲ್ಲದ ಹೊತ್ತು. 1991ರಲ್ಲಿ ಜಪಾನಿನ ಕ್ಯಾಪ್ಕಾಮ್ ಕಂಪನಿ ಸ್ಟ್ರೀಟ್ ಫೈಟರ್ 2 ಆಟವನ್ನು ಹೊರತಂದ ಮೇಲೆ ಮೂರು ದಶಕಗಳಲ್ಲಿ ಈ ನಡೆದಾಟದ ಸುತ್ತ ಆಟಗಾರರೇ ಒಂದು ಶಾಸ್ತ್ರ ಕಟ್ಟಿದ್ದಾರೆ. ಅದರ ಬೇರು ನರವಿಜ್ಞಾನದಲ್ಲಿದೆ, ಗಣಿತದಲ್ಲಿದೆ. ಕಬಡ್ಡಿ ಅಂಗಳದಲ್ಲಿ ಬೆಳೆದವರಿಗೆ ಅದರ ಅರ್ಧಭಾಗ ಮೈಗತವಾಗಿಯೇ ಇದೆ ಎಂಬುದು ನನ್ನ ನಂಬಿಕೆ.

ಮೊದಲು ಕಾಲದ ಲೆಕ್ಕ. ಈ ಆಟಗಳಲ್ಲಿ ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ. ಒಂದೊಂದು ಚಿತ್ರವನ್ನೂ ಫ್ರೇಮ್ ಎನ್ನುತ್ತಾರೆ. ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡು. ಪ್ರತಿಯೊಂದು ಏಟಿಗೂ ಫ್ರೇಮ್‌ಗಳ ಲೆಕ್ಕವಿದೆ: ಕೈ ಎತ್ತಲು ಇಷ್ಟು, ತಾಗುವ ಹೊತ್ತು ಇಷ್ಟು, ಕೈ ಹಿಂದೆಗೆದುಕೊಳ್ಳಲು ಇಷ್ಟು. 2023ರಲ್ಲಿ ಬಂದ ಸ್ಟ್ರೀಟ್ ಫೈಟರ್ 6ರಲ್ಲಿ ಬಹುತೇಕ ಪಾತ್ರಗಳ ಅತಿ ವೇಗದ ಗುದ್ದು 4 ಫ್ರೇಮ್‌ಗೆ ತಾಗುತ್ತದೆ, ಅಂದರೆ 67 ಮಿಲಿಸೆಕೆಂಡಿನಲ್ಲಿ. ಹಿಡಿದೆಸೆಯುವ ಪಟ್ಟಿಗೆ 5 ಫ್ರೇಮ್, 83 ಮಿಲಿಸೆಕೆಂಡು. ‘ಡ್ರೈವ್ ಇಂಪ್ಯಾಕ್ಟ್’ ಎಂಬ ಭಾರಿ ಹೊಡೆತಕ್ಕೆ 26 ಫ್ರೇಮ್, 433 ಮಿಲಿಸೆಕೆಂಡು.

ಈ ಅಂಕಿಗಳ ಪಕ್ಕದಲ್ಲಿ ನಮ್ಮ ಮೈಯ ಅಂಕಿಯನ್ನು ಇಟ್ಟು ನೋಡಬೇಕು. ಕಣ್ಣಿಗೆ ಕಂಡದ್ದಕ್ಕೆ ಬೆರಳು ಉತ್ತರ ಕೊಡಲು ಆರೋಗ್ಯವಂತ ಯುವಕರಿಗೂ ಸುಮಾರು 200ರಿಂದ 250 ಮಿಲಿಸೆಕೆಂಡು ಹಿಡಿಯುತ್ತದೆ. ನರದೊಳಗಿನ ಸಂದೇಶ ಅಳತೆಗೆ ಸಿಗದಷ್ಟು ವೇಗದ್ದು ಎಂದು ಒಂದು ಕಾಲದ ದೊಡ್ಡ ವಿಜ್ಞಾನಿಗಳೂ ನಂಬಿದ್ದರು. 1850ರಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರವನ್ನು ಎರಡು ಕಡೆ ಕೆಣಕಿ, ಸ್ನಾಯು ಸೆಟೆಯುವ ಹೊತ್ತಿನ ವ್ಯತ್ಯಾಸ ಅಳೆದು, ಸಂದೇಶ ಓಡುವುದು ಸೆಕೆಂಡಿಗೆ ಬರೀ 27 ಮೀಟರ್ ಆಸುಪಾಸು ಎಂದು ತೋರಿಸಿಬಿಟ್ಟ. ನಮ್ಮ ನರಗಳಲ್ಲಿ ವೇಗ ಇನ್ನೂ ಹೆಚ್ಚು, ನಿಜ. ಆದರೂ ಅಕ್ಷಿಪಟಲ, ಮಿದುಳಿನ ಹಿಂಭಾಗ, ನಿರ್ಧಾರ, ಬೆನ್ನುಹುರಿ, ಬೆರಳು ಎಂಬ ಸಾಲಿನಲ್ಲಿ ಪ್ರತಿ ನಿಲ್ದಾಣದಲ್ಲೂ ಒಂದಿಷ್ಟು ಹೊತ್ತು ಹೋಗುತ್ತದೆ. ಅಭ್ಯಾಸದಿಂದ ಸ್ವಲ್ಪ ಇಳಿಸಬಹುದು, 67ಕ್ಕೆ ಇಳಿಸಲು ಯಾರಿಂದಲೂ ಆಗದು.

ಹಾಗಾದರೆ 4 ಫ್ರೇಮ್‌ನ ಗುದ್ದನ್ನು ಕಂಡು ತಡೆದವರು ಲೋಕದಲ್ಲಿ ಯಾರೂ ಇಲ್ಲ. ತಡೆದವರೆಲ್ಲ ಅದು ಬರುವ ಮುಂಚೆಯೇ ತಡೆದಿದ್ದಾರೆ. ಕ್ರಿಕೆಟ್ಟಿನಲ್ಲೂ ಇದು ಅಳೆದು ಕಂಡ ಸಂಗತಿ: ಮೈಕೆಲ್ ಲ್ಯಾಂಡ್, ಪೀಟರ್ ಮೆಕ್ಲಿಯಾಡ್ ಎಂಬ ಸಂಶೋಧಕರು ಬ್ಯಾಟರ್‌ಗಳ ಕಣ್ಣಿನ ಚಲನೆ ದಾಖಲಿಸಿ 2000ದಲ್ಲಿ ಪ್ರಕಟಿಸಿದರು. ಒಳ್ಳೆಯ ಬ್ಯಾಟರ್‌ನ ಕಣ್ಣು ಚೆಂಡನ್ನು ಉದ್ದಕ್ಕೂ ಹಿಂಬಾಲಿಸುವುದಿಲ್ಲ, ಅದು ಪುಟಿಯಲಿರುವ ಜಾಗಕ್ಕೆ ಮೊದಲೇ ಹಾರಿ ಅಲ್ಲಿ ಕಾಯುತ್ತಿರುತ್ತದೆ. ಕಬಡ್ಡಿಯ ಕಾರ್ನರ್ ಆಟಗಾರ ಕಣಕಾಲು ಹಿಡಿಯಲು ಜಿಗಿಯುವುದೂ ಕಾಲು ಬಂದ ಮೇಲಲ್ಲ. ರೈಡರ್‌ನ ಸೊಂಟ ತಿರುಗಿದಾಗಲೇ ಅವನು ನಿರ್ಧರಿಸಿಯಾಗಿರುತ್ತದೆ.

26 ಫ್ರೇಮ್‌ನ ಹೊಡೆತದ ಕಥೆ ಬೇರೆ. 433 ಮಿಲಿಸೆಕೆಂಡು ಎಂದರೆ ಕಂಡು ಉತ್ತರಿಸಲು ಧಾರಾಳ ಸಮಯ. ಆದರೂ ದೊಡ್ಡ ದೊಡ್ಡ ಆಟಗಾರರೇ ಅದಕ್ಕೆ ಸಿಕ್ಕಿಬೀಳುತ್ತಾರೆ. 1952ರಲ್ಲಿ ಬ್ರಿಟನ್ನಿನ ವಿಲಿಯಂ ಎಡ್ಮಂಡ್ ಹಿಕ್ ಪ್ರಯೋಗದಿಂದ ತೋರಿಸಿದ ನಿಯಮ ಇದನ್ನು ವಿವರಿಸುತ್ತದೆ: ನಾವು ಕಾಯುತ್ತಿರುವ ಸಾಧ್ಯತೆಗಳ ಸಂಖ್ಯೆ ಏರಿದಷ್ಟೂ ಉತ್ತರಿಸುವ ಹೊತ್ತು ಉದ್ದವಾಗುತ್ತದೆ. ಒಂದೇ ದೀಪಕ್ಕೆ ಕಾಯುವವನ ಕೈ ಬೇಗ ಏಳುತ್ತದೆ, ಎಂಟು ದೀಪಗಳಲ್ಲಿ ಯಾವುದು ಹೊತ್ತಿತು ಎಂದು ನೋಡಿ ತಕ್ಕ ಬಟನ್ ಒತ್ತಬೇಕಾದವನ ಕೈ ತಡವಾಗುತ್ತದೆ. ಆದ್ದರಿಂದ ಚತುರ ಆಟಗಾರ ತನ್ನ ಭಾರಿ ಹೊಡೆತವನ್ನು ಆರಂಭದಲ್ಲೇ ಬೀಸುವುದಿಲ್ಲ. ಮೊದಲು ಹಾರಿ ಬಂದು ಹೆದರಿಸುತ್ತಾನೆ, ದೂರದಿಂದ ಬೆಂಕಿಯುಂಡೆ ಎಸೆಯುತ್ತಾನೆ, ಓಡಿಬಂದು ಹಿಡಿಯುತ್ತಾನೆ. ಎದುರಾಳಿಯ ತಲೆಯಲ್ಲಿ ಕಾಯಬೇಕಾದ ಪಟ್ಟಿ ಉದ್ದವಾದ ಮೇಲೆ, ನಿಧಾನವಾದ ಆ ಹೊಡೆತವೇ ವೇಗದ ಹೊಡೆತವಾಗುತ್ತದೆ.

ಇನ್ನು ಈ ಅಧ್ಯಾಯದ ತಿರುಳು. ದಯವಿಟ್ಟು ಒಂದು ಪೆನ್ಸಿಲ್ ತೆಗೆದುಕೊಳ್ಳಿ.

ಎದುರಾಳಿ ನೆಲಕ್ಕೆ ಬಿದ್ದು ಏಳುತ್ತಿದ್ದಾನೆ, ನೀವು ಅವನ ಮಗ್ಗುಲಲ್ಲೇ ನಿಂತಿದ್ದೀರಿ. ಸರಳ ಮಾಡೋಣ: ನಿಮಗೆ ಎರಡೇ ದಾರಿ, ಹೊಡೆಯುವುದು ಅಥವಾ ಹಿಡಿದೆಸೆಯುವುದು. ಅವನಿಗೂ ಎರಡೇ ದಾರಿ, ತಡೆದು ಕೂರುವುದು ಅಥವಾ ಹಿಡಿತ ಬಿಡಿಸಿಕೊಳ್ಳುವ ಬಟನ್ ಒತ್ತುವುದು. ನೀವು ಹೊಡೆದಾಗ ಅವನು ತಡೆದರೆ ನಷ್ಟವಿಲ್ಲ. ನೀವು ಹೊಡೆದಾಗ ಅವನು ಬಿಡಿಸಿಕೊಳ್ಳಲು ಹೋದರೆ ಮೈ ತೆರೆದುಕೊಂಡು 30 ಅಂಶ ಜೀವ ಕಳೆದುಕೊಳ್ಳುತ್ತಾನೆ. ನೀವು ಹಿಡಿದಾಗ ಅವನು ತಡೆದು ಕೂತಿದ್ದರೆ 10 ಅಂಶ ಹೋಗುತ್ತದೆ, ಏಕೆಂದರೆ ತಡೆಯಿಂದ ಹಿಡಿತ ನಿಲ್ಲುವುದಿಲ್ಲ. ನೀವು ಹಿಡಿದಾಗ ಅವನು ಬಿಡಿಸಿಕೊಂಡರೆ ನಷ್ಟವಿಲ್ಲ. ಇಬ್ಬರೂ ಒಂದೇ ಕ್ಷಣದಲ್ಲಿ ಆರಿಸಬೇಕು. ಕಂಡು ಆರಿಸಲು ಕಾಲವಿಲ್ಲ ಎಂಬುದನ್ನು ಈಗಾಗಲೇ ನೋಡಿದ್ದೇವೆ.

ಹೊಡೆದರೆ 30, ಹಿಡಿದರೆ 10. ನೀವು ಎಷ್ಟು ಸಲ ಹೊಡೆಯಬೇಕು?

ಮೂರು ಪಟ್ಟು ಲಾಭವಿರುವುದರಿಂದ ಹೆಚ್ಚು ಸಲ ಹೊಡೆಯಬೇಕು ಎಂದು ಮನಸ್ಸು ಹೇಳುತ್ತದೆ. ಅರ್ಧಕ್ಕರ್ಧ ಹೊಡೆಯುತ್ತೀರಿ ಎಂದುಕೊಳ್ಳಿ. ಅವನು ಸದಾ ತಡೆದು ಕೂತರೆ, ಎರಡು ಸಲಕ್ಕೆ ಒಮ್ಮೆ ನಿಮ್ಮ ಹಿಡಿತಕ್ಕೆ ಸಿಕ್ಕಿ 10 ಕಳೆದುಕೊಳ್ಳುತ್ತಾನೆ. ಸರಾಸರಿ ನಷ್ಟ 5. ನಾಲ್ಕರಲ್ಲಿ ಒಂದು ಸಲ ಮಾತ್ರ ಹೊಡೆದು ಮೂರು ಸಲ ಹಿಡಿದರೆ? ಅವನು ತಡೆದು ಕೂತರೆ ನಾಲ್ಕರಲ್ಲಿ ಮೂರು ಸಲ 10, ಸರಾಸರಿ 7.5. ಬಿಡಿಸಿಕೊಳ್ಳಲು ಹೋದರೆ ನಾಲ್ಕರಲ್ಲಿ ಒಮ್ಮೆ 30, ಸರಾಸರಿ ಅದೇ 7.5. ಅವನು ಏನೇ ಮಾಡಿದರೂ ನಿಮಗೆ 7.5 ಖಾತ್ರಿ. ಬೇರೆ ಯಾವ ಪ್ರಮಾಣದಲ್ಲಿ ಬೆರೆಸಿದರೂ ಅವನಿಗೆ ಇದಕ್ಕಿಂತ ಅಗ್ಗದ ದಾರಿಯೊಂದು ತೆರೆದುಕೊಳ್ಳುತ್ತದೆ. ಅಂದರೆ ದೊಡ್ಡ ಏಟನ್ನು ನಾಲ್ಕರಲ್ಲಿ ಒಮ್ಮೆ ಮಾತ್ರ ಬಳಸಬೇಕು.

ಈಗ ಹೊಡೆತದ ಬಲವನ್ನು 30ರಿಂದ 90ಕ್ಕೆ ಏರಿಸಿ ಲೆಕ್ಕ ಮತ್ತೆ ಮಾಡಿ. ಹತ್ತರಲ್ಲಿ ಒಮ್ಮೆ ಹೊಡೆಯಬೇಕು, ಒಂಬತ್ತು ಸಲ ಹಿಡಿಯಬೇಕು. ಖಾತ್ರಿ ಲಾಭ 9. ಆಯುಧ ಮೂರು ಪಟ್ಟು ಹರಿತವಾಯಿತು, ಬಳಕೆ ಇನ್ನೂ ಕಡಿಮೆಯಾಯಿತು. ಆ 90ರ ಭಯಕ್ಕೆ ಎದುರಾಳಿ ಹತ್ತರಲ್ಲಿ ಒಂಬತ್ತು ಸಲ ತಡೆದು ಕೂರುತ್ತಾನೆ, ಕೂತವನನ್ನು ನಿಮ್ಮ 10ರ ಹಿಡಿತ ಮತ್ತೆ ಮತ್ತೆ ಎತ್ತಿಹಾಕುತ್ತದೆ. ನಮ್ಮ ಸೀಮೆಯ ಕಬ್ಬು ಬೆಳೆಗಾರನಿಗೆ ಇದು ಹೊಸದಲ್ಲ: ಹೊಲದ ಪಕ್ಕದಲ್ಲೇ ಆಲೆಮನೆ ಇದ್ದರೆ, ಅಲ್ಲಿಗೆ ಒಂದು ಜಲ್ಲೆ ಕಬ್ಬನ್ನೂ ಸಾಗಿಸದೆ ಹೋದರೂ, ಕಾರ್ಖಾನೆಯ ಕಟಾವಿನ ಚೀಟಿಗೆ ಕಾಯುವಾಗ ಅವನ ಎದೆಯಲ್ಲಿ ಒಂದು ಧೈರ್ಯವಿರುತ್ತದೆ. ಬಳಸದ ದಾರಿಗೂ ಬೆಲೆಯಿದೆ.

ಹೀಗೆ ಬೆರೆಸಿ ಆಡುವುದರಲ್ಲಿ ಯಾವಾಗಲೂ ಒಂದು ಉತ್ತಮ ಪ್ರಮಾಣ ಇದ್ದೇ ಇರುತ್ತದೆ ಎಂದು, ಒಬ್ಬನ ಗೆಲುವು ಇನ್ನೊಬ್ಬನ ಸೋಲಾಗುವ ಇಬ್ಬರ ಆಟಗಳಿಗೆ, 1928ರಲ್ಲಿ ಹಂಗೇರಿ ಮೂಲದ ಗಣಿತಜ್ಞ ಜಾನ್ ವಾನ್ ನಾಯ್ಮನ್ ಸಾಧಿಸಿ ತೋರಿಸಿದ. ಅವನ ಆಗಿನ ವಯಸ್ಸು 24. ದೇವಸ್ಥಾನದ ಜಗಲಿಕಲ್ಲಿನ ಮೇಲೆ ಮನೆ ಕೆತ್ತಿ ಆಡುತ್ತಿದ್ದ ಆಡು-ಹುಲಿ ಆಟಕ್ಕೆ ಈ ಬೆರಕೆ ಬೇಕಿಲ್ಲ. ಅಲ್ಲಿ ಹುಲಿ ಎಲ್ಲಿದೆ, ಆಡು ಎಲ್ಲಿದೆ ಎಂಬುದು ಇಬ್ಬರಿಗೂ ಕಾಣುತ್ತದೆ, ಒಬ್ಬರಾದ ಮೇಲೆ ಒಬ್ಬರು ನಡೆಸುತ್ತಾರೆ, ಯೋಚಿಸಿದಷ್ಟೂ ಒಳ್ಳೆಯ ನಡೆ ಸಿಗುತ್ತದೆ. ಒಂದೇ ಕ್ಷಣದಲ್ಲಿ ಇಬ್ಬರೂ ಆರಿಸಬೇಕಾದಲ್ಲಿ ಮಾತ್ರ ‘ಅತ್ಯುತ್ತಮ ನಡೆ’ ಎಂಬುದೇ ಇರುವುದಿಲ್ಲ. ಇರುವುದು ಅತ್ಯುತ್ತಮ ಹದ.

ಸಿದ್ಧಾಂತ ಇದನ್ನು ಹೇಳಿತು, ಮನುಷ್ಯರು ಹಾಗೆ ಆಡುತ್ತಾರೆಯೇ? ಫುಟ್‌ಬಾಲಿನ ಪೆನಾಲ್ಟಿ ಒದೆತದಲ್ಲಿ ಆಡುತ್ತಾರೆ. ಸ್ಪೇನಿನ ಅರ್ಥಶಾಸ್ತ್ರಜ್ಞ ಇಗ್ನಾಸಿಯೊ ಪಲಾಸಿಯೊಸ್-ಹುಯೆರ್ಟಾ ವೃತ್ತಿಪರ ಪಂದ್ಯಗಳ 1417 ಪೆನಾಲ್ಟಿಗಳನ್ನು ಪರಿಶೀಲಿಸಿ 2003ರಲ್ಲಿ ಬರೆದ ಪ್ರಬಂಧದ ಪ್ರಕಾರ, ಎಡಕ್ಕೆ ಒದ್ದರೂ ಬಲಕ್ಕೆ ಒದ್ದರೂ ಗೆಲುವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರುವಂತೆ ಆಟಗಾರರು ಬೆರೆಸುತ್ತಿದ್ದರು, ಒಂದು ಒದೆತಕ್ಕೂ ಮುಂದಿನದಕ್ಕೂ ಸುಳಿವು ಸಿಗದಂತೆ ಆಡುತ್ತಿದ್ದರು. ಹೊಟ್ಟೆಪಾಡಿಗಾಗಿ ಅದನ್ನೇ ಮಾಡುವವರು ಅವರು. ನಮ್ಮಂಥವರ ಸ್ಥಿತಿ ಬೇರೆ. 2014ರಲ್ಲಿ ಚೀನಾದ ಜೆಜಿಯಾಂಗ್ ವಿಶ್ವವಿದ್ಯಾಲಯದ ಸಂಶೋಧಕರು 360 ವಿದ್ಯಾರ್ಥಿಗಳಿಂದ ಕಲ್ಲು-ಕಾಗದ-ಕತ್ತರಿ ಆಟವನ್ನು 300 ಸುತ್ತು ಆಡಿಸಿದರು. ವಿದ್ಯಾರ್ಥಿಗಳು ಮೂರನ್ನೂ ಸರಿಸಮ ಪ್ರಮಾಣದಲ್ಲೇ ಬಳಸಿದರು. ಆದರೆ ಗೆದ್ದವರು ಅದನ್ನೇ ಮತ್ತೆ ಹಿಡಿಯುವ ಕಡೆಗೆ, ಸೋತವರು ಒಂದು ಗೊತ್ತಾದ ಕ್ರಮದಲ್ಲಿ ಬದಲಾಯಿಸುವ ಕಡೆಗೆ ವಾಲುತ್ತಿದ್ದರು. ಒಟ್ಟು ಎಣಿಕೆಯಲ್ಲಿ ಕಾಣದ ಸುಳಿವು, ಗೆಲುವು-ಸೋಲಿನ ಮರುಕ್ಷಣದಲ್ಲಿ ಕಾಣುತ್ತಿತ್ತು.

ದೊಡ್ಡ ಆಟಗಾರ ಅನ್ನ ಹುಡುಕುವುದು ಈ ಸುಳಿವಿನಲ್ಲಿ. ಸಮತೋಲದ ಹದ ಒಂದು ಕೋಟೆ. ಅದರೊಳಗಿದ್ದರೆ ಯಾರೂ ನಿಮ್ಮನ್ನು ಲೂಟಿ ಮಾಡಲಾರರು, ನೀವೂ ಯಾರನ್ನೂ ಲೂಟಿ ಮಾಡಲಾರಿರಿ. ಎದುರಾಳಿ ಏಟು ತಿಂದ ಮೇಲೆ ಪ್ರತಿ ಸಲವೂ ತಡೆದು ಕೂರುತ್ತಾನೆ ಎಂದು ಗೊತ್ತಾದರೆ ಕೋಟೆಯಿಂದ ಹೊರಬಂದು ಪ್ರತಿ ಸಲವೂ ಹಿಡಿಯಬೇಕು, 7.5 ಇದ್ದದ್ದು 10 ಆಗುತ್ತದೆ. ಆದರೆ ಹೊರಬಂದ ಗಳಿಗೆಯಿಂದ ನಿಮ್ಮ ಮೈಯೂ ತೆರೆದಿದೆ. ಅವನು ಬೇಕೆಂದೇ ಎರಡು ಸಲ ಸಿಕ್ಕಿಬಿದ್ದು ಮೂರನೆಯ ಸಲಕ್ಕೆ ಕಾಯುತ್ತಿರಬಹುದು. ಅಮೆರಿಕದ ಆಟಗಾರ, ಆಟವಿನ್ಯಾಸಕ ಡೇವಿಡ್ ಸರ್ಲಿನ್ ಇದನ್ನು ಮೆಟ್ಟಿಲುಗಳಂತೆ ವಿವರಿಸಿದ್ದಾರೆ: ನನ್ನ ನಡೆ, ಅದಕ್ಕೆ ನಿನ್ನ ಮರುಪಟ್ಟು, ಅದಕ್ಕೆ ನನ್ನ ಮರುಪಟ್ಟು, ಅದಕ್ಕೂ ನಿನ್ನ ಮರುಪಟ್ಟು. ಅದನ್ನೂ ಮೀರಲು ಹೊರಟರೆ ಸಾಮಾನ್ಯವಾಗಿ ಮೊದಲಿನ ನಡೆಯೇ ಸಾಕಾಗುತ್ತದೆ, ಸುತ್ತು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಗೆಲ್ಲುವುದು ಹೆಚ್ಚು ಮೆಟ್ಟಿಲು ಹತ್ತಿದವನಲ್ಲ. ಎದುರಾಳಿ ನಿಂತಿರುವುದಕ್ಕಿಂತ ಸರಿಯಾಗಿ ಒಂದು ಮೆಟ್ಟಿಲು ಮೇಲೆ ನಿಂತವನು ಗೆಲ್ಲುತ್ತಾನೆ. ಹೊಸಬನ ಎದುರು ಅತಿ ಬುದ್ಧಿವಂತಿಕೆ ತೋರಿಸಿ ಸೋತ ಅನುಭವಿಗಳು ಎಲ್ಲ ಆಟಗಳಲ್ಲೂ ಇದ್ದಾರೆ.

ಈ ಲೆಕ್ಕವನ್ನು ಹಿಡಿದು ಮತ್ತೆ ನ್ಯೂಟ್ರಲ್‌ಗೆ ಹೋಗೋಣ. ಆ ಇಬ್ಬರು ಹೋರಾಳುಗಳು ಏಕೆ ಅಷ್ಟು ಹೊತ್ತು ಮುಂದೆ ಹಿಂದೆ ನಡೆಯುತ್ತಾರೆ? ಚಾಚಿದ ಕಾಲು ಆಯುಧವೂ ಹೌದು, ಮೈಯೂ ಹೌದು. ಗೇಮ್‌ನ ಒಳಗೆ ಪ್ರತಿ ಪಾತ್ರದ ಸುತ್ತ ಕಣ್ಣಿಗೆ ಕಾಣದ ಎರಡು ಬಗೆಯ ಚೌಕಗಳಿರುತ್ತವೆ: ತಾಗಿದರೆ ಇನ್ನೊಬ್ಬನಿಗೆ ನೋವಾಗುವ ಚೌಕ, ತಾಗಿಸಿಕೊಂಡರೆ ತನಗೆ ನೋವಾಗುವ ಚೌಕ. ಒದೆಯಲು ಕಾಲು ಚಾಚಿದಾಗ ಎರಡನೆಯ ಚೌಕವೂ ಕಾಲಿನ ಜೊತೆಗೆ ಮುಂದೆ ಹೋಗುತ್ತದೆ. ಒದೆ ತಪ್ಪಿದರೆ ಕಾಲು ಹಿಂದೆ ಬರುವವರೆಗೆ ಆ ಚೌಕ ಅಲ್ಲೇ ತೂಗಾಡುತ್ತದೆ, ಎದುರಾಳಿ ಬಂದು ಅದಕ್ಕೇ ಹೊಡೆಯುತ್ತಾನೆ. ಕಬಡ್ಡಿಯಲ್ಲಿ ಟೋ ಟಚ್‌ಗೆ ಕಾಲು ನೀಡಿದ ರೈಡರ್‌ನ ಕಣಕಾಲನ್ನು ಕಾರ್ನರ್‌ನವನು ಕಚ್ಚಿ ಹಿಡಿಯುವುದು ಇದೇ ಕೆಲಸ. ಆದ್ದರಿಂದಲೇ ಅನುಭವಿ ಆಟಗಾರರು ಎದುರಾಳಿಯ ಒದೆ ತಾಗುವ ದೂರಕ್ಕಿಂತ ಕೂದಲೆಳೆಯಷ್ಟು ಹೊರಗೆ ಸುಳಿದಾಡುತ್ತಾರೆ. ಅವನಿಗೆ ಒದೆಯುವ ಆಸೆ ಹುಟ್ಟಬೇಕು, ಒದೆ ಮಾತ್ರ ತಾಗಬಾರದು. ರೈಡರ್ ಗೇಣುದ್ದ ಕಡಿಮೆ ಬೀಸಿದ ಕಾಲಿನ ಅರ್ಥವೂ ಅದೇ.

ಹಾಗಿದ್ದರೆ ಇಬ್ಬರೂ ಸುಮ್ಮನೆ ದೂರವೇ ನಿಂತುಬಿಟ್ಟರೆ? ನಿಯಮ ಮಾಡುವವರು ಕೆಲಸಕ್ಕಿಳಿಯುವುದು ಇಲ್ಲಿ. ಅವರ ಕೈಯಲ್ಲಿರುವುದು ಬೆಲೆಪಟ್ಟಿ. ಪ್ರೊ ಕಬಡ್ಡಿ ನಿಯಮಗಳನ್ನು ಈ ಕಣ್ಣಿನಿಂದ ಓದಿ ನೋಡಿ. ಸತತ ಎರಡು ಖಾಲಿ ರೈಡ್ ಆದರೆ ಮೂರನೆಯದು ಡು-ಆರ್-ಡೈ: ಪಾಯಿಂಟ್ ತರದಿದ್ದರೆ ರೈಡರ್ ಔಟ್. ಅಂದರೆ ಸುಮ್ಮನೆ ಹೋಗಿಬರುವುದು ಎರಡು ಸಲ ಪುಕ್ಕಟೆ, ಮೂರನೆಯ ಸಲ ಭಾರಿ ದುಬಾರಿ. ಬುದ್ಧಿವಂತ ತಂಡ ಆ ಎರಡು ಪುಕ್ಕಟೆ ರೈಡುಗಳನ್ನು ಸುದ್ದಿ ಸಂಗ್ರಹಕ್ಕೆ ಬಳಸುತ್ತದೆ. ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಸಿಗುತ್ತದೆ. ಒಬ್ಬ ಔಟಾಗಿ ಆರಾದ ತಂಡ ಇನ್ನೊಬ್ಬನನ್ನು ಕಳೆದುಕೊಂಡರೆ ಬೋನಸ್ ಗೆರೆಯ ಚಿಂತೆಯೇ ಹೋಗಿ ಹಿಡಿಯುವವರು ನಿಲ್ಲುವ ಜಾಗವೇ ಬದಲಾಗುತ್ತದೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಪಾಯಿಂಟ್. ಸೋಲುತ್ತಿರುವ ತಂಡಕ್ಕೆ ಧೈರ್ಯ ಅಗ್ಗವಾಗುವಂತೆ ಮಾಡಿದ ನಿಯಮ ಇದು. ಮೂವರಿರುವ ಅಂಗಳಕ್ಕೆ ನುಗ್ಗುವ ರೈಡರ್ ‘ಇವರು ಕಡಿಮೆ ಇದ್ದಾರೆ’ ಎಂದುಕೊಂಡರೆ ಅರ್ಧ ಲೆಕ್ಕ ಮಾತ್ರ ಮಾಡಿದ್ದಾನೆ.

ಕುಸ್ತಿಯಲ್ಲಿ ಬೆಲೆಪಟ್ಟಿ ಬದಲಾದರೆ ಆಟವೇ ಬದಲಾಗುವುದನ್ನು ಕಣ್ಣಾರೆ ನೋಡಬಹುದು. ನಮ್ಮ ಕಡೆಯ ಮಾರ್ಪಿಟ್ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಬೇಕು, ಬೆನ್ನು ಮಣ್ಣಿಗೆ ತಾಗಿಸಬೇಕು. ನಡುವೆ ಗಳಿಸಿದ್ದಕ್ಕೆ ಅಂಕವಿಲ್ಲ. ಹಾಗಾಗಿ ಕತ್ತಿಗೆ ಕೈ ಹಾಕಿ ತೂಗಿ ನೋಡುತ್ತ, ದಣಿಸುತ್ತ ಕಾಯುವುದು ಅಲ್ಲಿ ಒಳ್ಳೆಯ ತಂತ್ರ. ಮ್ಯಾಟ್ ಮೇಲಿನ ಫ್ರೀಸ್ಟೈಲ್ ಕುಸ್ತಿಯಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಪ್ರತಿ ಪಟ್ಟಿಗೂ ಪಾಯಿಂಟ್, 10 ಪಾಯಿಂಟ್ ಮುನ್ನಡೆಯಾದರೆ ಕುಸ್ತಿ ಮುಗಿಯಿತು. ಕೈಕಟ್ಟಿ ಕೂತವನಿಗೆ ಎಚ್ಚರಿಕೆ ಕೊಟ್ಟು 30 ಸೆಕೆಂಡು ಗಡುವು ಹಾಕುತ್ತಾರೆ, ಅಷ್ಟರಲ್ಲಿ ಯಾರೂ ಪಾಯಿಂಟ್ ತರದಿದ್ದರೆ ಎದುರಾಳಿಗೆ ಒಂದು ಪಾಯಿಂಟ್. ಅದೇ ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನ ಎರಡು ಕಡೆ ಎರಡು ಬೇರೆ ತಲೆ ಇಟ್ಟುಕೊಂಡು ಸೆಣಸಬೇಕು. ಸ್ಟ್ರೀಟ್ ಫೈಟರ್ 6ರಲ್ಲಿ ತಡೆದು ಕೂತಷ್ಟೂ ‘ಡ್ರೈವ್’ ಎಂಬ ದಾಸ್ತಾನು ಕರಗುತ್ತದೆ. ಅದು ಬರಿದಾದರೆ ಎದುರಾಳಿಯ ವಿಶೇಷ ಏಟುಗಳು ತಡೆಯನ್ನೂ ದಾಟಿ ಒಂದಿಷ್ಟು ಜೀವ ಕೀಳುತ್ತವೆ. ಗಡಿಯಾರವೂ ಅಲ್ಲಿದೆ: ಹೊತ್ತು ಮುಗಿದಾಗ ಯಾರ ಜೀವ ಹೆಚ್ಚು ಉಳಿದಿದೆಯೋ ಅವರು ಗೆದ್ದಂತೆ. ಒಂದೇ ಒಂದು ಏಟು ಹೊಡೆದು ಮುಂದಾದವನು ಅಲ್ಲಿಂದಾಚೆಗೆ ಸುಮ್ಮನಿರಬಹುದು; ಅಪಾಯ ಮೈಮೇಲೆ ಎಳೆದುಕೊಂಡು ಹತ್ತಿರ ಬರಬೇಕಾದವನು ಇನ್ನೊಬ್ಬ. ಆ ಮೊದಲ ಏಟಿನ ನಿಜವಾದ ಬೆಲೆ ಅದು ಕಿತ್ತ ಜೀವಕ್ಕಿಂತ ಎಷ್ಟೋ ಹೆಚ್ಚು.

ಈ ಎಲ್ಲ ಎಳೆಗಳೂ ಒಂದೇ ಕ್ಷಣದಲ್ಲಿ ಗಂಟುಬಿದ್ದ ಪಂದ್ಯವೊಂದಿದೆ. ಹೊಡೆದಾಟದ ಗೇಮ್‌ಗಳ ದೊಡ್ಡ ಕೂಟವಾದ ಎವೊ, 2004, ಕ್ಯಾಲಿಫೋರ್ನಿಯಾದ ಪೊಮೋನಾ. ಆಟ ಸ್ಟ್ರೀಟ್ ಫೈಟರ್ 3. ಜಪಾನಿನ ಡೈಗೊ ಉಮೆಹಾರಾಗೆ ನೂಲಿನಷ್ಟು ಜೀವ ಉಳಿದಿದೆ, ತಡೆದರೂ ಸಾಯುವ ಸ್ಥಿತಿ. ಎದುರಿಗೆ ಅಮೆರಿಕದ ಜಸ್ಟಿನ್ ವಾಂಗ್, ಜೀವದಲ್ಲಿ ಮುಂದಿದ್ದಾರೆ. ವಾಂಗ್ 15 ಒದೆಗಳ ಸರಣಿಯನ್ನು ಬಿಡುತ್ತಾರೆ. ತಡೆದರೆ ಉಳಿಗಾಲವಿಲ್ಲ. ಉಳಿದ ದಾರಿ ‘ಪ್ಯಾರಿ’: ಪ್ರತಿ ಒದೆ ತಾಗುವ ಗಳಿಗೆಗೆ ಸರಿಯಾಗಿ ಮುಂದಕ್ಕೆ ತಟ್ಟಬೇಕು. ಉಮೆಹಾರಾ ಹದಿನೈದನ್ನೂ ಹಾಗೆ ತಟ್ಟಿ, ತಿರುಗಿ ಹೊಡೆದು ಆ ಪಂದ್ಯ ಗೆದ್ದರು. ಕೂಟ ಮಾತ್ರ ಅವರಿಗೆ ದಕ್ಕಲಿಲ್ಲ, ಅಂತಿಮ ಸುತ್ತಿನಲ್ಲಿ ಕೆಂಜಿ ಒಬಾಟಾಗೆ ಸೋತರು. ಜನ ಇಂದಿಗೂ ಆ ಬೆರಳುಗಳ ವೇಗವನ್ನು ಹೊಗಳುತ್ತಾರೆ. ಮೊದಲ ಒದೆಯನ್ನು ಕಂಡು ತಟ್ಟಲು ಕಾಲವೇ ಇರಲಿಲ್ಲ ಎಂಬುದನ್ನು ಮರೆಯುತ್ತಾರೆ. ತಡೆದರೂ ಸಾಯುವ ಎದುರಾಳಿಯ ಮೇಲೆ ಇಂಥ ಸರಣಿಯನ್ನು ಬಿಡುವುದೇ ವಾಂಗ್‌ಗೆ ಅತ್ಯಂತ ಅಗ್ಗದ ದಾರಿ. ಆ ಲೆಕ್ಕವನ್ನು ಉಮೆಹಾರಾ ಕೂಡ ಮಾಡಿದ್ದರು. ನನ್ನ ಮಟ್ಟಿಗೆ ಆ ಪಂದ್ಯದ ಸೌಂದರ್ಯ ಆ ಲೆಕ್ಕದಲ್ಲಿದೆ, ಬೆರಳು ಆಮೇಲಿನದು.

ಇಂಥ ಲೆಕ್ಕವನ್ನು ಒಬ್ಬರೇ ಕೂತು ಕಲಿಯಲಾಗುವುದಿಲ್ಲ. 2019ರ ಫೆಬ್ರವರಿಯಲ್ಲಿ ಲಾಹೋರಿನ ಅರ್ಸಲಾನ್ ಆಶ್ ಎಂಬ ಹುಡುಗ ಜಪಾನಿನಲ್ಲಿ ನಡೆದ ಎವೊ ಕೂಟದಲ್ಲಿ ಟೆಕ್ಕನ್ 7 ಗೆದ್ದಾಗ ಕೊರಿಯ, ಜಪಾನಿನ ದಿಗ್ಗಜರು ದಂಗಾದರು. ಅದೇ ವರ್ಷದ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಎವೊ ಕೂಡ ಅವರದಾಯಿತು. ನಮ್ಮ ಊರಿನಲ್ಲಿ ನನ್ನಷ್ಟೇ ಗಟ್ಟಿಗರು ಇನ್ನೂ ಇದ್ದಾರೆ ಎಂಬ ಅರ್ಥದಲ್ಲಿ ಅವರು ಮಾತಾಡಿದಾಗ ಅದು ಬರೀ ವಿನಯವಾಗಿರಲಿಲ್ಲ. ಕೊರಿಯದ ಹೆಸರಾಂತ ಆಟಗಾರ ‘ನೀ’ 2019ರಲ್ಲಿ ಪಾಕಿಸ್ತಾನಕ್ಕೇ ಹೋಗಿ ಅವರೊಂದಿಗೆ ಆಡಿ ಬಂದರು. ದುಬಾರಿ ಉಪಕರಣವಾಗಲಿ, ಪ್ರಾಯೋಜಕರಾಗಲಿ ಅಲ್ಲಿ ಹೇರಳವಾಗಿರಲಿಲ್ಲ. ಇದ್ದದ್ದು ದಿನವೂ ಎದುರುಬದುರು ಕೂತು ಆಡುವ, ಸೋಲಿಸಿದ ಮೇಲೆ ಹೇಗೆ ಸೋಲಿಸಿದೆ ಎಂದು ಹೇಳಿಕೊಡುವ ಒಂದು ಗುಂಪು. ಪರಸ್ಪರರ ಸುಳಿವುಗಳನ್ನು ಹಿಡಿದು ಹಿಡಿದು ಆ ಗುಂಪಿನಲ್ಲಿ ಯಾರಿಗೂ ಸುಲಭದ ಸುಳಿವು ಉಳಿದಿರಲಿಲ್ಲ.

ಗರಡಿಮನೆಯ ಬಗ್ಗೆ ಗೊತ್ತಿರುವವರಿಗೆ ಇದು ಅಚ್ಚರಿ ತರಬಾರದು. ಕೆಮ್ಮಣ್ಣಿನ ಮಟ್ಟಿಯಲ್ಲಿ ಹಿರಿಯ ಪೈಲ್ವಾನ ಕಿರಿಯನನ್ನು ಕೆಡವುತ್ತಾನೆ, ಎಬ್ಬಿಸುತ್ತಾನೆ, ಅದೇ ಪಟ್ಟನ್ನು ನಿಧಾನವಾಗಿ ಮತ್ತೆ ಹಾಕಿ ಮರುಪಟ್ಟು ತೋರಿಸುತ್ತಾನೆ. ಉಸ್ತಾದರು ಬದಿಯಲ್ಲಿ ಕೂತು ‘ಕಾಲು ನೋಡೋ’ ಎನ್ನುತ್ತಾರೆ. ತನ್ನ ಪಟ್ಟನ್ನು ತಾನೇ ಬಿಟ್ಟುಕೊಡುವ ಈ ಉದಾರತೆಯಿಂದ ಹೇಳಿಕೊಟ್ಟವನಿಗೂ ಲಾಭ: ನಾಳೆ ಅವನು ಹೊಸದೊಂದನ್ನು ಹುಡುಕಲೇಬೇಕು.

ವಿಡಿಯೋ ಗೇಮ್‌ಗಳ ಇಂಥ ಪಂದ್ಯಗಳನ್ನು, ಅಂದರೆ ಇ-ಸ್ಪೋರ್ಟ್ಸ್ ಅನ್ನು, ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಕ್ರೀಡಾ ಸಚಿವಾಲಯದ ಅಡಿಗೆ ತಂದಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಸ್ಪರ್ಧೆಯಾಗಿತ್ತು, ಭಾರತದಿಂದ ಮಯಾಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಆಡಿದರು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಅವುಗಳಿಂದ ಬೇರೆಯಾಗಿಯೇ ಗುರುತಿಸಿದೆ. ಮನೆಯ ಹಿರಿಯರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ಮೊಬೈಲ್ ರಮ್ಮಿಯಲ್ಲಿ ಸಾಲ ಮಾಡಿಕೊಂಡವನನ್ನೂ, ಟೆಕ್ಕನ್‌ನ ಫ್ರೇಮ್ ಪಟ್ಟಿ ಬಾಯಿಪಾಠ ಮಾಡುವ ಹುಡುಗಿಯನ್ನೂ ಒಂದೇ ಬೈಗುಳದಲ್ಲಿ ಸೇರಿಸುವುದು ಅನ್ಯಾಯ. ಅವಳು ಮಾಡುತ್ತಿರುವುದು ಸಂಭವನೀಯತೆಯ ಗಣಿತ, ಹೆಸರು ಮಾತ್ರ ಅವಳಿಗೆ ಗೊತ್ತಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಪಿಯು ಕಾಲೇಜುಗಳ ಗಣಿತದ ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ: ಸಂಭವನೀಯತೆಯ ಪಾಠವನ್ನು ಪೆಟ್ಟಿಗೆಯೊಳಗಿನ ಕೆಂಪು ಚೆಂಡು, ನೀಲಿ ಚೆಂಡುಗಳಿಂದ ಆರಂಭಿಸುವ ಬದಲು ಒಮ್ಮೆ ಬೋನಸ್ ಗೆರೆಯಿಂದ ಆರಂಭಿಸಿ ನೋಡಿ. ಹಿಂದಿನ ಬೆಂಚಿನವರೂ ಮುಂದೆ ಬರುತ್ತಾರೆ.

ಓದುಗರಿಗೂ ಒಂದು ಕೆಲಸ. ನಿಮ್ಮೂರಿನ ಮುಂದಿನ ಪಂದ್ಯಾವಳಿಗೆ ಒಂದು ನೋಟ್‌ಬುಕ್ ಒಯ್ಯಿರಿ. ಒಬ್ಬ ರೈಡರನ್ನು ಮಾತ್ರ ಆರಿಸಿಕೊಳ್ಳಿ. ಎದುರಿಗೆ ಎಷ್ಟು ಜನರಿದ್ದರು, ಮೊದಲು ಯಾವ ಕಡೆಗೆ ಹೋದ, ಬೋನಸ್‌ಗೆ ಯತ್ನಿಸಿದನೋ ಇಲ್ಲವೋ, ಪಾಯಿಂಟ್ ಬಂದ ಮರುರೈಡಿನಲ್ಲಿ ಅದೇ ಕಡೆಗೆ ಹೋದನೋ ಬದಲಾಯಿಸಿದನೋ, ಇಷ್ಟನ್ನು ಗುರುತು ಹಾಕುತ್ತ ಹೋಗಿ. ಮೂವತ್ತು ನಲವತ್ತು ರೈಡುಗಳಾಗುವ ಹೊತ್ತಿಗೆ ಜೆಜಿಯಾಂಗ್‌ನ ವಿದ್ಯಾರ್ಥಿಗಳಲ್ಲಿ ಕಂಡಂಥ ವಾಲು ನಿಮ್ಮ ಹಾಳೆಯಲ್ಲೂ ಕಾಣಿಸತೊಡಗಬಹುದು. ಕಂಡರೆ ಅದನ್ನು ಆ ಆಟಗಾರನಿಗೇ ತೋರಿಸಿ.